ಬಲದಿಂದ ಎಡಕ್ಕೆ

ಪೆನ್ನು ಹೊರಗಿಡಿಸಿ ಮೋಟು ಪೆನ್ಸಿಲ್ಲು ಕೊಟ್ಟರು.
ರಾಯಚೂರಿನ ಬಿಸಿಲು ಕಿಟಕಿಯಾಚೆಗೇ ನಿಂತಿತು,
ಅದಕ್ಕೆ ಯುನಿವರ್ಸಿಟಿ ಕಾರ್ಡಿಲ್ಲ.

ನಿಜಾಮರ ಕಾಲದ ಹೊಲಗಳ ಲೆಕ್ಕ.
ಉರ್ದು; ನನಗದು ಬರೀ ಇರುವೆ ಸಾಲು.
ಅಟೆಂಡರ್ ಖಾಜಾಬಿ ಚಾಳೀಸು ಒರೆಸಿ
ಬಲದಿಂದ ಎಡಕ್ಕೆ ಬೆರಳಾಡಿಸಿದಳು:

ಹುಣಸಿ ಬುಡದ ಹೊಲ.
ಕಪ್ಪಿ ಬಾವಿ ಹೊಲ.
ಸೂಲಗಿತ್ತಿ ಈರವ್ವನ ಎರಿ, ಕಂದಾಯ ಮಾಫು.

ಇನ್ನೊಮ್ಮೆ ಓದ್ರಿ, ಅಂದೆ.
ಅಕ್ಷರ ದಫ್ತರದವು,
ಮಾತು ನಮ್ಮಜ್ಜಿಯ ಎಲಿಅಡಿಕಿ ಬಾಯಿಯದು.

ಯಾಕೆ ಮಾಫು?
ಅಂಚು ಗೆದ್ದಲ ಪಾಲು.
"ಹೆರಿಗಿ ಅಂತ ಐತಿ. ಯಾರದು, ತಿಳೀವಲ್ದು."

ಚೀಟಿಯಲ್ಲಿ ‘ಉದ್ದೇಶ’ದ ಮುಂದೆ
ಸಂಶೋಧನೆ ಎಂದು ಬರೆದಿದ್ದೆ.
ಅಳಿಸಿದೆ. ಬೇರೇನೂ ಹೊಳೆಯಲಿಲ್ಲ.

ಐದಕ್ಕೆ ಬೀಗದ ಹೊತ್ತು.
ಖಾಜಾಬಿ ಕಡತಕ್ಕೆ ಕೆಂಪು ಅರಿವೆ ಸುತ್ತಿದಳು,
ಮೊದಲು ನೆತ್ತಿಯ ಕಡೆ,
ಆಮೇಲೆ ಕಾಲು.