ಹೂಂ ಅಂದ ಮೇಲೆ

ರಾತ್ರಿ ಮೂರು ಹತ್ತಕ್ಕೆ ಹೆಣ್ಣುಮಗು.
ಲೆಬನಾನಿನ ಟ್ರಿಪೋಲಿ, ಬಂದರಿನ ಬದಿಯ ಹೆರಿಗೆ ಆಸ್ಪತ್ರೆ.
ನಾಝಿಕ್ ಒತ್ತಿದಳು: ತೂಕ, ಗಳಿಗೆ, ತಾಯಿ ಸಲ್ವಾ,
ತಂದೆ ಆಗಲೇ ಆರಿಸಿಟ್ಟಿದ್ದ ಹೆಸರು, ರಬಾಬ್.
ಪರದೆ ಹೇಳಿತು: ‘ಉಳಿಸಲಾಗಿದೆ.’
ಅವಳು ಚಹಾಕ್ಕೆ ಎದ್ದಳು.
ಹತ್ತೊಂಬತ್ತನೆಯ ಸೆಕೆಂಡಿಗೆ ಕರೆಂಟು ಹೋಯಿತು.

ಈ ಊರಲ್ಲಿ ಅದೊಂದು ಸುದ್ದಿಯಲ್ಲ.
ಓಣಿಯ ಅಬು ನದೀಮನ ಜನರೇಟರು
ಕೆಮ್ಮಿ ಕೆಮ್ಮಿ ಎದ್ದು ಕೂರುವವರೆಗೆ
ಮಕ್ಕಳು ಕತ್ತಲಲ್ಲೇ ಹುಟ್ಟುತ್ತವೆ.

ಬೆಳಿಗ್ಗೆ ನನ್ನನ್ನು ಕರೆದರು; ಪ್ರೋಗ್ರಾಂ ಬರೆದವಳು ನಾನೇ.
‘ದೇವರಾಣೆ ಬರೆದಿದ್ದೆ, ವಿದಾದ್. ಅದೂ ಹೂಂ ಅಂದಿತ್ತು.’

ಅಂದಿತ್ತು.
ಹೂಂ ಅಂದವರೆಲ್ಲ ಕೇಳಿಸಿಕೊಂಡವರಲ್ಲ ನಾಝಿಕ್,
ನಿದ್ದೆಗಣ್ಣಲ್ಲಿ ಕತೆಗೆ ಹೂಂಗುಟ್ಟುವ ಕೂಸುಗಳಿರುತ್ತವೆ.
ನೀನು ಕೊಟ್ಟದ್ದನ್ನು ಅದು ಕೈಯಲ್ಲಿ ಹಿಡಿದು ಕೂತಿತ್ತು,
ಇನ್ನೂ ನಾಲ್ಕು ಬರಲಿ, ಒಟ್ಟಿಗೆ ಇಟ್ಟರಾಯಿತೆಂದು.
ಕೈಗೆ ಬಂದ ತುತ್ತು.

‘ಕಳೆದು ಸಿಕ್ಕಿದ್ದು’ ಎಂಬ ಗೂಡಿನೊಳಗೆ ಕೈಯಾಡಿಸಿದೆ.
ಇತ್ತು! ಮೂರು ಕಿಲೋ ಇನ್ನೂರು ಗ್ರಾಂ, ತಾಯಿ ಸಲ್ವಾ, ಎಲ್ಲ.
ಕಡತಕ್ಕೆ ಮಾತ್ರ ಹೆಸರಿಲ್ಲ, ಬರೀ ಒಂದು ಸಂಖ್ಯೆ.
ಮೈ ಇಳಿದಿತ್ತು,
ಹೆಸರು ಇಳಿಯುವ ಮೊದಲೇ ಕತ್ತಲು.

ಒಂದು ಸಾಲು ಸೇರಿಸಿದೆ, ಆಮೇಲೆ ಇನ್ನೊಂದು:
ಬರೆದ ಮೇಲೆ ಬಾಗಿಲು ತಟ್ಟಿ ಕೇಳು, ಪುಟ ಇಳಿಯಿತೇ?
ಪುಟದ ಹೆಸರಿರುವ ಪಟ್ಟಿಯೂ ಇಳಿಯಿತೇ?
ಒಳಗಿಂದ ಉತ್ತರ ಬರುವ ತನಕ
ಯಾರಿಗೂ ‘ಉಳಿಸಲಾಗಿದೆ’ ಎನ್ನಬೇಡ.

ಆದರೆ ಡಿಸ್ಕೂ ಸುಳ್ಳು ಹೇಳುತ್ತದೆ.
ಅಗ್ಗದ ಡಿಸ್ಕು, ಅದಕ್ಕೂ ಒಂದು ಜೇಬಿದೆ,
ಜೇಬಿಗೆ ಹಾಕಿಕೊಂಡು ‘ಇಟ್ಟೆ’ ಎನ್ನುತ್ತದೆ.
ಆ ರಾತ್ರಿ ಕರೆಂಟಿಗೆ ಕಾಯಲಿಲ್ಲ. ನಾನೇ ಪ್ಲಗ್ಗು ಕಿತ್ತೆ,
ನಲವತ್ತೊಂದು ಸಲ, ನಲವತ್ತೊಂದು ಸುಳ್ಳು ರಬಾಬರು.
ಎಣಿಸಿದೆ: ಮೂವತ್ತೆಂಟು.
ಜೇಬಿನ ಬಾಯಿ ಹೊಲಿದು ಮತ್ತೆ ಕಿತ್ತೆ.
ಬೆರಳು ಬೊಬ್ಬೆಯೆದ್ದವು.
ನಲವತ್ತೊಂದು.

‘ನಿಧಾನವಾಯಿತಲ್ಲ,’ ನಾಝಿಕ್ ಗೊಣಗುತ್ತಾಳೆ.
ಆಯಿತು, ಅರ್ಧ ಉಸಿರಿನಷ್ಟು.
ಆ ಅರ್ಧ ಉಸಿರಿನಲ್ಲಿ ಪರದೆ ಏನೂ ಹೇಳುವುದಿಲ್ಲ.
ಅವಳೀಗ ಆ ಮೌನ ಮುಗಿಯುವವರೆಗೆ ಕುರ್ಚಿ ಬಿಡುವುದಿಲ್ಲ.

ಮೇಜಿನ ಡ್ರಾಯರಿನಲ್ಲಿ ಒಂದು ನೀಲಿ ನೋಟುಬುಕ್ಕಿದೆ.
ಪ್ರತಿ ಕೂಸನ್ನೂ ಅದರಲ್ಲಿ ಇನ್ನೊಮ್ಮೆ ಬರೆದುಕೊಳ್ಳುತ್ತಾಳೆ,
ನನಗೆ ಗೊತ್ತಾಗಬಾರದೆಂದು.
ಕಳೆದ ವಾರ ಅವಳ ಪೆನ್ನು ಬರಿದಾಗಿತ್ತು.
ಹೊಸ ರೀಫಿಲ್ಲು ತಂದು
ಮೇಜಿನ ಮೇಲಿಟ್ಟು, ಏನೂ ಅನ್ನದೆ ಬಂದೆ.