ಮೂರನೇ ಗುಂಡಿ

ಬಿಳಿ ಕಣ ಎಣಿಸುವುದು ನನ್ನ ಕೆಲಸ.
ಗಾಜಿನ ಮೇಲೊಂದು ಹನಿ ನೆತ್ತರು, ಅದಕ್ಕೆ ನೇರಳೆ ಬಣ್ಣ,
ಬಲಗಣ್ಣು ಸೂಕ್ಷ್ಮದರ್ಶಕಕ್ಕೆ ಕೊಟ್ಟು
ಬೆರಳಡಿಗೆ ಐದು ಗುಂಡಿ:
ಈ ಜಾತಿಯ ಕಣಕ್ಕೆ ಇದು, ಆ ಜಾತಿಗೆ ಅದು.
ನೂರಾದರೆ ಪೆಟ್ಟಿಗೆ ಟಿಣ್ ಅನ್ನುತ್ತಿತ್ತು.
ಒಂದು ಗುಟುಕು ಕಾಫಿ. ಮತ್ತೆ ಒಂದರಿಂದ.

ಫಿನ್ಲೆಂಡಿನ ಒಳನಾಡು, ಸರೋವರದ ದಂಡೆಯ ಆಸ್ಪತ್ರೆ.
ಏಳನೇ ವಾರ್ಡಿನ ಟೌನೊ ಕೆಟ್ಟುನೆನ್
ಹೊಳೆಯಲ್ಲಿ ದಿಮ್ಮಿ ತೇಲಿಸುತ್ತಿದ್ದವನು,
ಒಂಬತ್ತು ವರ್ಷ ಗೋಡೆಗೆ ಕಿವಿಕೊಟ್ಟು ಕೂತಿದ್ದ.
ಯಾರೋ ಅವನ ತಪ್ಪುಗಳ ಪಟ್ಟಿ ಓದುತ್ತಿದ್ದರಂತೆ,
ಊಟದ ಹೊತ್ತಿಗೂ ಬಿಡುವು ಕೊಡದೆ.
ಹಳೆಯ ಮದ್ದುಗಳು ಅವನ ಕೈಕಾಲು ಮರಗಟ್ಟಿಸಿದವು,
ಓದುವವನ ಬಾಯಿ ಮುಚ್ಚಿಸಲಿಲ್ಲ.

ಆ ಚಳಿಗಾಲ ಹಳದಿ ಮಾತ್ರೆ ಬಂತು, ಪರೀಕ್ಷೆಗೆಂದು.
ಮೊದಲು ನಿದ್ದೆ. ಆಮೇಲೆ ಜೊಲ್ಲು.
ದಿಂಬಿನ ಚೀಲ ಒಗೆದೊಗೆದು ಐಲಿ ಶಪಿಸುತ್ತಿದ್ದಳು.
ಹನ್ನೊಂದನೇ ವಾರ, ಸರೋವರದ ಮೇಲೆ ಇನ್ನೂ ಮಂಜುಗಡ್ಡೆ,
ಗಂಜಿಯ ತಟ್ಟೆಯಿಂದ ತಲೆಯೆತ್ತಿ ಕೇಳಿದ:
"ಈ ಬಿಸಿನೀರ ಕೊಳವೆ ಯಾಕೆ ಟಕ್ ಟಕ್ ಅನ್ನುತ್ತೆ?"

ಐಲಿ ಸೌಟು ಕೆಳಗಿಟ್ಟಳು.
ಅದು ನಮಗೂ ಕೇಳುವ ಸದ್ದು.

ಜೂನ್ ಬಂತು. ರಾತ್ರಿಯೇ ಇಲ್ಲದ ದಿನಗಳು,
ಮುಳುಗಲು ಮನಸ್ಸಿಲ್ಲದ ಸೂರ್ಯ ಬರ್ಚ್ ಮರಗಳ ನೆತ್ತಿಯಲ್ಲಿ.
ಮೂರನೇ ವಾರ್ಡಿನ ಸಾಲ್ಮೆಗೆ ಶನಿವಾರ ಗಂಟಲು ನೋವು.
ನೆಗಡಿ ಇರಬೇಕು ಎಂದು ಯಾರೋ ಬರೆದರು.
ಸೋಮವಾರ ಅವಳ ಗಾಜು ನನ್ನ ಕಣ್ಣಡಿಗೆ ಬಂತು.
ಮೂರನೇ ಗುಂಡಿಗೆ ಕೆಲಸವೇ ಇಲ್ಲ.
ಆ ಜಾತಿಯದೊಂದಾದರೂ ಸಿಕ್ಕೀತೆಂದು
ಗಾಜಿನ ಉದ್ದಗಲ ಅಲೆದೆ,
ದನ ತಪ್ಪಿಸಿಕೊಂಡವಳು ಕತ್ತಲಾದರೂ ಕಾಡಂಚು ಬಿಡದ ಹಾಗೆ.
ಬುಧವಾರ ಅವಳ ಮಂಚಕ್ಕೆ ಹಾಸಿಗೆ ಇರಲಿಲ್ಲ.

ದಿನವಿಡೀ ಎಣಿಸುವವಳು ನಾನು,
ಹೀಗಾದೀತೆಂದು ಎಣಿಸಿರಲಿಲ್ಲ.

ಬೇರೆ ಊರುಗಳಿಂದ ಫೋನು. ಅಲ್ಲೂ ಗಂಟಲು, ಅಲ್ಲೂ ಜ್ವರ.
ಆಮೇಲೆ ಆಜ್ಞೆ: ಹಳದಿ ಮಾತ್ರೆ ಎಲ್ಲರಿಗೂ ನಿಲ್ಲಲಿ.
ಸರಿಯಾದ ಆಜ್ಞೆ. ನನ್ನ ಕೈಗೆ ಪೆನ್ನು ಕೊಟ್ಟಿದ್ದರೂ
ಅದನ್ನೇ ಬರೆಯುತ್ತಿದ್ದೆ.

ಟೌನೊ ತಾನೇ ಪ್ರಯೋಗಾಲಯದ ಬಾಗಿಲಿಗೆ ಬಂದ,
ತೋಳು ಆಗಲೇ ಮಡಿಸಿಕೊಂಡು.
"ನನ್ನದೆಷ್ಟು?"
ಆರು ಸಾವಿರದ ನಾನೂರು.
"ಅದು ಕಮ್ಮಿಯೆ?"
ಅಲ್ಲ.
ತಲೆಯಾಡಿಸಿದ. ತೋಳು ಇಳಿಸಿದ.
ಗುಂಡಿ ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ.
ಕಾಡಿನಲ್ಲಿ ನೀಲಿ ಹಣ್ಣು ಮಾಗುವಷ್ಟರಲ್ಲಿ
ಮತ್ತೆ ಗೋಡೆ, ಮತ್ತೆ ಕಿವಿ.

ಎಷ್ಟೋ ವರ್ಷಕ್ಕೆ ಮಾತ್ರೆ ಮರಳಿತು, ಕರಾರಿನ ಮೇಲೆ:
ವಾರವಾರ ರಕ್ತ. ರಕ್ತ ಕೊಡದಿದ್ದರೆ ಮಾತ್ರೆ ಇಲ್ಲ.
ಈಗ ಎಣಿಸುವುದು ಯಂತ್ರ,
ಕೆಮ್ಮುವಷ್ಟರಲ್ಲಿ ಚೀಟಿ ಉಗುಳುತ್ತದೆ.
ನಾನು ಬರೀ ಸೂಜಿ ಚುಚ್ಚುವವಳು.

ಟೌನೊ ಬಂದ. ನೆರೆತ ಗಡ್ಡ, ಹೊಟ್ಟೆ, ಕೆಂಪು ಉಣ್ಣೆಯ ಟೋಪಿ.
ಎಂಟು ವಾರ ಬಂದು ಹೋದ, ತುಟಿ ಬಿಚ್ಚದೆ.
ಒಂಬತ್ತನೇ ವಾರ ಅಂದ:
"ಆ ಸದ್ದು ನಿಂತುಹೋಗಿದೆ."
ಸೂಜಿ ನನ್ನ ಕೈಯಲ್ಲೇ ಉಳಿಯಿತು. ಯಾವುದು?
ಗದ್ದದಿಂದ ಗೋಡೆ ತೋರಿಸಿದ.
ಹೌದು, ಹಳೆಯ ಕೊಳವೆಗಳನ್ನು ಕಿತ್ತು ಎರಡು ವರ್ಷವಾಗಿತ್ತು.
"ಅವನು ಇದ್ದಾನೆ," ಸ್ವಲ್ಪ ತಡೆದು ಅಂದ,
"ಹೊಳೆಯ ಆಚೆ ದಡದಲ್ಲಿ ನಿಂತು ಓದ್ತಾನೆ.
ನೀರಿನ ಸದ್ದಲ್ಲಿ ಮಾತು ತಿಳಿಯೋದಿಲ್ಲ."

ಎಲ್ಲರೂ ಮನೆಗೆ ಹೋದ ಮೇಲೆ
ಅವನ ಕೊಳವೆಯಿಂದ ಒಂದು ಹನಿ ಉಳಿಸಿ
ಗಾಜಿಗೆ ಸವರಿದೆ. ಯಾರೂ ಕೇಳಿರಲಿಲ್ಲ.
ಹಳೆಯ ಪೆಟ್ಟಿಗೆ ಖಾನೆಯಲ್ಲಿತ್ತು,
ಪಕ್ಕದಲ್ಲಿ, ಬಟ್ಟೆಯಲ್ಲಿ ಸುತ್ತಿ, ಸಾಲ್ಮೆಯ ಗಾಜು.
ಎಡಗಣ್ಣು ಮುಚ್ಚಿದೆ.

ಮೂರನೇ ಗುಂಡಿ,
ಅರವತ್ತೆರಡು ಸಲ.