ಬೋಣಿ

ಐದೂವರೆಗೇ ಬಂದೆ, ಟಾರ್ಚು ಹಿಡಿದು.
ಹಿಂದೆಲ್ಲ ಹಾಗೇ ಬರಬೇಕಿತ್ತು. ಬೆಳಕು ಹರಿಯುವ ಮೊದಲೇ
ವ್ಯಾನುಗಳ ಹಿಂಬಾಗಿಲಲ್ಲಿ ಪಿಸುಮಾತು, ಚೌಕಾಸಿ,
ಒಳ್ಳೆಯದೆಲ್ಲ ಕೈಬದಲಾಗಿರುತ್ತಿತ್ತು.
ಈಗ ಟಾರ್ಚು ಬರೀ ಚಾಳಿ.
ಗೇಟಿಗೆ ಬೀಗವನ್ನೂ ಹಾಕಿರಲಿಲ್ಲ.

ಓಹಾಯೋದ ಈ ದನದ ಶೆಡ್ಡಿನಲ್ಲಿ
ಆಗಸ್ಟಿನಲ್ಲಿ ಹಸುಗಳಿಗೆ ಬಹುಮಾನ ಕೊಡುತ್ತಾರೆ,
ಏಪ್ರಿಲಿನ ಕೊನೆಯ ಶನಿವಾರ ನಮಗೆ ಬಿಡುತ್ತಾರೆ.
ಸಗಣಿ ವಾಸನೆ ಪೂರ್ತಿ ಹೋಗಿರುವುದಿಲ್ಲ.
ಅದರ ಮೇಲೆ ಕಾಫಿ, ಡೋನಟ್ಟು,
ಯಾರದೋ ನೆಲಮಾಳಿಗೆಯಲ್ಲಿ ನಲವತ್ತು ವರ್ಷ ಮಲಗಿ ಎದ್ದು ಬಂದ
ಟ್ರಾನ್ಸ್‌ಫಾರ್ಮರಿನ ಮೇಣದ ಕಮಟು.

ಒಂದು ಕಾಲಕ್ಕೆ ತೊಂಬತ್ತು ಮೇಜು. ಇವತ್ತು ಹನ್ನೊಂದು.
ಅದರಲ್ಲೂ ಎರಡರ ಮೇಲೆ ಫೋನಿನ ಕವರು,
ಒಂದರ ಮೇಲೆ ಜೇನುತುಪ್ಪ.
ಸಾಲು ನಿಂತಿದ್ದರೆ ಜೇನಿನ ಮುಂದೆ.

ನನಗೆ ಬೇಕಾದದ್ದು ಇಷ್ಟೇ:
ತಿರುಗುವ ಕೆಪಾಸಿಟರು, ಇನ್ನೂರೈವತ್ತು ಪಿಕೊಫ್ಯಾರಡ್,
ಎಲೆ ಎಲೆಯ ನಡುವೆ ಬೆರಳುಗುರಿನಷ್ಟು ಗಾಳಿ ಇರುವಂಥದು,
ವೋಲ್ಟೇಜು ಏರಿದರೂ ಕಿಡಿ ಹಾರದಂಥದು.
ಮನೆಯಲ್ಲಿ ನನ್ನ ಟ್ಯೂನರು
ಕ್ರಿಸ್ಮಸ್ಸಿನಿಂದ ಮುಚ್ಚಳ ತೆಗೆದುಕೊಂಡು ಕೂತಿದೆ.

ಮೂರನೆಯ ಮೇಜಿನಲ್ಲಿ ಮರ್ನಾ ಕ್ವಿಲನ್,
ಗಂಡ ಹೋದ ಮೇಲೆ ಗ್ಯಾರೇಜು ಖಾಲಿ ಮಾಡುತ್ತಿದ್ದಾಳೆ.
ಮೋರ್ಸ್ ಕೀ ಒಂದನ್ನು ಎತ್ತಿ,
"ಇದು ಸ್ಟೇಪ್ಲರೇ?" ಅಂದಳು. "ಎರಡು ಡಾಲರ್ ಕೊಡು."
ಹಿತ್ತಾಳೆ. ಕೆಳಗೆ ಕರಿಕಲ್ಲಿನ ಪೀಠ. ಬೆರಳಿಟ್ಟರೆ
ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಓಡುತ್ತಿತ್ತು.
"ಎಂಬತ್ತು ಹೇಳಿ, ಕಡಿಮೆಗೆ ಬಿಡಬೇಡಿ" ಅಂದೆ.
ಹೇಳಿದಳು, ನನಗೇ.
ನನ್ನ ಜೇಬಿನಲ್ಲಿ ಇಪ್ಪತ್ತೆರಡಿತ್ತು.

ಲೈಲ್ ಹೋಸ್ಟೆಟ್ಲರನ ಮೇಜು ಮೂಲೆಯಲ್ಲಿ, ಹೀಟರಿನ ಪಕ್ಕ.
ಮೊಟ್ಟೆಯ ಟ್ರೇಗಳಲ್ಲಿ ವಾಲ್ವುಗಳು,
ಬಿಸ್ಕತ್ತು ಡಬ್ಬಿಯಲ್ಲಿ ರೆಸಿಸ್ಟರು, ಎಲ್ಲ ಕಲಸುಮೇಲೋಗರ.
ಕಂದು, ಕಪ್ಪು, ಕಿತ್ತಳೆ ಎಂದು ಗುನುಗುತ್ತಾ
ಹತ್ತು ಸಾವಿರದವನ್ನು ಆರಿಸಿಡುತ್ತಾನೆ, ಕನ್ನಡಕ ಹಣೆಗೇರಿಸಿ.
ಕೊಳ್ಳುವವರಿಲ್ಲ ಅಂತ ಆರಿಸುವುದು ಬಿಟ್ಟಿಲ್ಲ.

ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ, ತಂತಿಯ ಗೋಜಲಿನ ಅಡಿ,
ಒಂದು ಪ್ಲಾಸ್ಟಿಕ್ ಚೀಲ. ಒಳಗೆ ಅದೇ.
ಇನ್ನೂರೈವತ್ತು. ಅಗಲ ಅಂತರ. ಪಿಂಗಾಣಿಯ ಕಾಲು.
ಮೇಲೆ ಹಳದಿಗಟ್ಟಿದ ಟೇಪು, ಅದರ ಮೇಲೆ ಶಾಯಿ:
"ಪರೀಕ್ಷೆ ಮಾಡಿಲ್ಲ. ಮೂರು ಡಾಲರ್."
ಆ ಮೂರರ ಬಾಲ ನನಗೆ ಗೊತ್ತು.
ಅದು ನಾನು ಬರೆಯುವ ಮೂರು.

ಗಾರ್ಡನ್ ಪ್ರುಯೆಟ್‌ಗೆ ಮಾರಿದ್ದೆ, ತೊಂಬತ್ತೆಂಟರಲ್ಲಿ,
ಇದೇ ಶೆಡ್ಡಿನಲ್ಲಿ, ಅಲ್ಲಿ, ಆ ಕಂಬದ ಹತ್ತಿರ.
ಗಾರ್ಡನ್ ಅದನ್ನು ಡುವೇನನಿಗೆ ಕೊಟ್ಟನಂತೆ, ಒಂದು ಮೈಕಿಗೆ ಬದಲಾಗಿ.
ಡುವೇನನ ಮಗಳು ಎಲ್ಲ ಕಟ್ಟಿ ಲೈಲನ ಬಾಗಿಲಲ್ಲಿಟ್ಟು ಹೋದಳು.
ಒಬ್ಬರಾದರೂ ಚೀಲ ಬಿಚ್ಚಿರಲಿಲ್ಲ.
ನಾವು ಹತ್ತು ಹನ್ನೆರಡು ಮಂದಿ ಇಷ್ಟು ವರ್ಷ
ಒಂದೇ ಸಾಮಾನನ್ನು ಒಬ್ಬರಿಗೊಬ್ಬರು ಮಾರಿಕೊಂಡು
ಸಂತೆ ಅಂತ ಕರೆದೆವು.

"ಆರು" ಅಂದ ಲೈಲ್.
"ಮೂರು ಅಂತ ಬರೆದಿದೆ. ಬರೆದವಳು ನಾನೇ."
"ಹಾಗಾದರೆ ಮೂರು ಸಾಮಾನಿಗೆ,
ಮೂರು ಇಷ್ಟು ವರ್ಷ ಕಾಪಾಡಿದ್ದಕ್ಕೆ ಬಾಡಿಗೆ."
ಕೊಟ್ಟೆ.
ಹನ್ನೊಂದಾಗುತ್ತಿತ್ತು. ಅದು ಅವನ ಬೋಣಿ.
ನೋಟುಗಳನ್ನು ಕಣ್ಣಿಗೊತ್ತಿಕೊಳ್ಳುವ ಊರಲ್ಲ ಇದು,
ಟೋಪಿಯ ಒಳಪಟ್ಟಿಗೆ ಮಡಚಿ ಸಿಕ್ಕಿಸಿದ.
"ಎಪ್ಪತ್ತಮೂರು" ಅಂದ. ನಾನೂ ಅಂದೆ.
ನಮ್ಮಲ್ಲಿ ಹೋಗಿಬರುತ್ತೇನೆ ಅನ್ನುವುದು ಹಾಗೆ.

ಕಾರಿನಲ್ಲಿ ಕೂತು ಚೀಲ ಬಿಚ್ಚಿ
ಹೆಬ್ಬೆರಳಿನಿಂದ ಮೆಲ್ಲಗೆ ತಿರುಗಿಸಿದೆ.
ಕಲೆಸಿದ ಇಸ್ಪೀಟಿನ ಹಾಗೆ ಎಲೆಯೊಳಗೆ ಎಲೆ ಸರಿಯಿತು,
ಸರಿಯುತ್ತಾ, ಮುಕ್ಕಾಲಿಗೆ ಬಂದಾಗ, ಕರ್ರ್.
ಒಂದು ಎಲೆ ಸೊಟ್ಟ.
ಅವತ್ತೂ ಸೊಟ್ಟವೇ ಇದ್ದಿರಬೇಕು.
ಉಗುರು ಕೊಟ್ಟು ಒತ್ತಿದೆ, ಮತ್ತೆ ತಿರುಗಿಸಿದೆ.
ಸದ್ದಿಲ್ಲ.
ಅರ್ಧ ನಿಮಿಷ ಹಿಡಿಯಿತು.